ಆಡದ ಮಾತಿಗೂ ವ್ಯಾಕರಣವಿದೆ

‘ಯಾರಿಗೆ?’

‘ಅಜ್ಜನಿಗೆ.’

ಕಾಫಿ ಲೋಟ ಹಿಡಿದು ಅಡುಗೆಮನೆಯಿಂದ ಹೊರಟವರನ್ನು ಮನೆಯವರು ಹೀಗೆ ಕೇಳುತ್ತಾರೆ, ಉತ್ತರವೂ ಹೀಗೇ ಬರುತ್ತದೆ. ಎರಡು ಮಾತಿನಲ್ಲೂ ಕ್ರಿಯಾಪದವಿಲ್ಲ, ಕರ್ತೃಪದವಿಲ್ಲ, ಕಾಫಿಯ ಹೆಸರೂ ಇಲ್ಲ. ಹಾಗಿದ್ದೂ ಏನೋ ಕಡಿಮೆಯಾಯಿತೆಂದು ಯಾರಿಗೂ ಅನ್ನಿಸುವುದಿಲ್ಲ. ಈ ಸಲೀಸುತನದ ಹಿಂದೆ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಉತ್ತರ ಕೊಟ್ಟವರು ‘ಅಜ್ಜ’ ಎನ್ನಲಿಲ್ಲ, ‘ಅಜ್ಜನನ್ನು’ ಎನ್ನಲಿಲ್ಲ, ‘ಅಜ್ಜನಿಗೆ’ ಎಂದರು. ಆ ಚತುರ್ಥಿ ಪ್ರತ್ಯಯವನ್ನು ಬೇಡುವುದು ‘ಕೊಡು’ ಎಂಬಂಥ ಕ್ರಿಯಾಪದ. ಅದನ್ನು ಯಾರೂ ಆಡಲೇ ಇಲ್ಲ. ಬಾಯಿಗೆ ಬಾರದ ಕ್ರಿಯಾಪದ ಬಾಯಿಗೆ ಬಂದ ನಾಮಪದಕ್ಕೆ ವಿಭಕ್ತಿ ಕೊಟ್ಟದ್ದು ಹೇಗೆ?

ವಾಕ್ಯರಚನೆಯನ್ನು ಅಧ್ಯಯನ ಮಾಡುವವರು ಕಳೆದ ಏಳು ದಶಕಗಳಲ್ಲಿ ಬಿಡದೆ ಬೆನ್ನುಹತ್ತಿದ ಸಂಗತಿಗಳಲ್ಲಿ ಇದೊಂದು. ಇದನ್ನು ಲೋಪ ಎನ್ನೋಣ: ಆಡದೆ ಬಿಟ್ಟರೂ ಅರ್ಥವಾಗುವ ಮಾತು. ಇನ್ನೊಂದು ಸಂಗತಿ ಸ್ಥಾನಪಲ್ಲಟ: ಒಂದು ಜಾಗದಲ್ಲಿ ಕೇಳಿಸಿ, ಬೇರೊಂದು ಜಾಗದಲ್ಲಿ ಅರ್ಥವಾಗುವ ಮಾತು. ಎರಡನ್ನೂ ಬೇರೆಬೇರೆ ಅಧ್ಯಾಯಗಳಲ್ಲಿ ಕಲಿಸುವುದು ರೂಢಿ. ಆದರೆ ಎರಡರ ಬುಡದಲ್ಲೂ ಇರುವುದು ಒಂದೇ ಪ್ರಶ್ನೆ. ಕಿವಿಗೆ ಬೀಳದ್ದು ವಾಕ್ಯದೊಳಗೆ ಇರಬಲ್ಲದೇ? ಇರಬಲ್ಲದು, ಅಷ್ಟೇ ಅಲ್ಲ, ಅದು ಆಡಿದ ಮಾತಿನಷ್ಟೇ ಕಟ್ಟುನಿಟ್ಟಾದ ನಿಯಮಗಳಿಗೆ ಒಳಪಟ್ಟಿದೆ. ಇದನ್ನು ತೋರಿಸಲು ಅತಿ ಗಟ್ಟಿಯಾದ ಸಾಕ್ಷಿ ಕನ್ನಡದಲ್ಲೇ ಇದೆ. ಶಾಲೆಯಲ್ಲಿ ಪಟ್ಟಿ ಮಾಡಿ ಬಾಯಿಪಾಠ ಮಾಡಿಸಿದ ನಮ್ಮ ವಿಭಕ್ತಿ ಪ್ರತ್ಯಯಗಳೇ ಆ ಸಾಕ್ಷಿ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ವಾಕ್ಯ ಎಂದರೆ ಒಂದರ ಹಿಂದೊಂದು ನಿಂತ ಪದಗಳ ಸಾಲಲ್ಲ. 1957ರಲ್ಲಿ ಪ್ರಕಟವಾದ ‘ಸಿಂಟ್ಯಾಕ್ಟಿಕ್ ಸ್ಟ್ರಕ್ಚರ್ಸ್’ ಎಂಬ ಚಿಕ್ಕ ಪುಸ್ತಕದಲ್ಲಿ ನೋಮ್ ಚೋಮ್‌ಸ್ಕಿ ಒತ್ತಿ ಹೇಳಿದ್ದು ಇದನ್ನೇ. ಪದಗಳು ಸೇರಿ ಗುಂಪಾಗುತ್ತವೆ, ಗುಂಪುಗಳು ಸೇರಿ ಇನ್ನೂ ದೊಡ್ಡ ಗುಂಪಾಗುತ್ತವೆ, ಕೆಲವು ಮೇಲೆ ಕೆಲವು ಕೆಳಗೆ ಇರುತ್ತವೆ. ಈ ಮೇಲು ಕೆಳಗಿನ ಸಂಬಂಧ ಬರೀ ಕಾಗದದ ಮೇಲಿನ ಚಿತ್ರವೋ, ಮನಸ್ಸಿನಲ್ಲಿ ನಿಜಕ್ಕೂ ಇರುವಂಥದೋ? ಅದನ್ನು ಪರೀಕ್ಷಿಸಲು ಕನ್ನಡದ ಮಕ್ಕಳೇ ನೆರವಾದರು. ‘ನಾನು ಎರಡು ಪುಸ್ತಕ ಓದಲಿಲ್ಲ’ ಎಂಬ ವಾಕ್ಯಕ್ಕೆ ಎರಡು ಅರ್ಥ ಹೊಂದುತ್ತವೆ. ಓದಿದ ಪುಸ್ತಕ ಎರಡಾಗಲಿಲ್ಲ ಎಂಬುದು ಒಂದು. ಓದದೆ ಉಳಿದವು ಎರಡು ಎಂಬುದು ಇನ್ನೊಂದು. ಇಂಗ್ಲಿಷ್‌ನಲ್ಲಿ ನಿಷೇಧದ ಪದ ಸಂಖ್ಯೆಗಿಂತ ಮೊದಲು ಬರುತ್ತದೆ, ಕನ್ನಡದಲ್ಲಿ ಕೊನೆಗೆ ಬರುತ್ತದೆ. ಮಕ್ಕಳು ಪದಗಳ ಸಾಲನ್ನಷ್ಟೇ ನೋಡುವುದಾದರೆ ಎರಡು ಭಾಷೆಯ ಮಕ್ಕಳು ಬೇರೆಬೇರೆ ಅರ್ಥ ಹಿಡಿಯಬೇಕಿತ್ತು. ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ಕು ವರ್ಷದ ಆಸುಪಾಸಿನ ಕನ್ನಡದ ಮಕ್ಕಳೂ ಇಂಗ್ಲಿಷ್ ಮಕ್ಕಳೂ ಮೊದಲ ಅರ್ಥವನ್ನೇ ಹಿಡಿದರು. ‘ಇಲ್ಲ’ ಎಂಬುದು ಸಾಲಿನಲ್ಲಿ ಕೊನೆಗಿದ್ದರೂ ರಚನೆಯಲ್ಲಿ ಮೇಲಿದೆ. ಅಕ್ಷರ ಕಲಿಯದ ಮಕ್ಕಳಿಗೂ ಅದು ತಿಳಿದಿದೆ.

ಈಗ ಸ್ಥಾನಪಲ್ಲಟಕ್ಕೆ ಬರೋಣ. ಕನ್ನಡದಲ್ಲಿ ಪದಗಳನ್ನು ಹಿಂದೆ ಮುಂದೆ ಮಾಡಲು ಬೇಕಾದಷ್ಟು ಅವಕಾಶವಿದೆ. ‘ರಾಮ ರಾವಣನನ್ನು ಕೊಂದ’, ‘ರಾವಣನನ್ನು ರಾಮ ಕೊಂದ’, ‘ಕೊಂದ ರಾಮ ರಾವಣನನ್ನು’. ವಿಭಕ್ತಿ ಇರುವುದರಿಂದ ಪದ ಎಲ್ಲಿದ್ದರೂ ಗೊಂದಲವಿಲ್ಲ ಎಂದು ಹೇಳಿ ನಮ್ಮ ವ್ಯಾಕರಣ ಪುಸ್ತಕಗಳು ಇಲ್ಲಿಗೆ ನಿಲ್ಲಿಸಿಬಿಡುತ್ತವೆ. ನಿಜವಾಗಿ ಕುತೂಹಲ ಶುರುವಾಗಬೇಕಾದದ್ದೇ ಇಲ್ಲಿಂದ. ಈ ಎರಡು ವಾಕ್ಯಗಳನ್ನು ಹೋಲಿಸಿ ನೋಡಿ:

‘ತನ್ನ ತಮ್ಮನನ್ನು ನಿನ್ನೆ ರವಿ ಹೊಗಳಿದ.’

‘ತನ್ನ ತಮ್ಮ ನಿನ್ನೆ ರವಿಯನ್ನು ಹೊಗಳಿದ.’

ಮೊದಲ ವಾಕ್ಯದಲ್ಲಿ ‘ತನ್ನ’ ಎಂದರೆ ರವಿಯ. ಅನುಮಾನವೇ ಇಲ್ಲ. ಎರಡನೆಯದರಲ್ಲಿ ‘ತನ್ನ’ ರವಿಯನ್ನು ಸೂಚಿಸಲಾರದು. ಕೇಳಿದವರು ‘ಯಾರ ತಮ್ಮ?’ ಎಂದು ತಡವರಿಸುತ್ತಾರೆ. ಎರಡರಲ್ಲೂ ‘ತನ್ನ’ ಮೊದಲು ಬಂದಿದೆ, ರವಿ ಆಮೇಲೆ ಬಂದಿದ್ದಾನೆ. ಸಾಲಿನ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಬೇರೆ ಕಡೆ. ‘ತನ್ನ’ ಎಂಬ ಪದಕ್ಕೆ ತನಗಿಂತ ಮೇಲಿನ ಸ್ಥಾನದಲ್ಲಿ ಒಡೆಯನೊಬ್ಬ ಬೇಕು. ಮೊದಲ ವಾಕ್ಯದಲ್ಲಿ ‘ತನ್ನ ತಮ್ಮನನ್ನು’ ಎಂಬುದು ಮುಂದೆ ಬಂದು ಕೂತಿದ್ದರೂ ಅದರ ಹುಟ್ಟಿದ ಜಾಗ ರವಿಗಿಂತ ಕೆಳಗೆ, ಕ್ರಿಯಾಪದದ ಮಗ್ಗುಲಲ್ಲಿ. ಅರ್ಥ ಮಾಡಿಕೊಳ್ಳುವಾಗ ಮನಸ್ಸು ಅದನ್ನು ಅಲ್ಲಿಯೇ ಓದುತ್ತದೆ. ಎರಡನೆಯ ವಾಕ್ಯದಲ್ಲಿ ‘ತನ್ನ ತಮ್ಮ’ ಕರ್ತೃವಾಗಿ ಮೇಲೆಯೇ ಹುಟ್ಟಿದೆ, ಇಳಿಯಲು ಕೆಳಗೊಂದು ಜಾಗವಿಲ್ಲ.

ಅಂದರೆ ಜಾಗ ಬಿಟ್ಟು ಎದ್ದ ಪದ ಪೂರ್ತಿ ಎದ್ದು ಹೋಗುವುದಿಲ್ಲ. 1970ರ ದಶಕದಲ್ಲಿ ಚೋಮ್‌ಸ್ಕಿ ಮತ್ತು ಅವರ ಜತೆಗಾರರು ಪದ ತಾನಿದ್ದಲ್ಲಿ ಒಂದು ಕುರುಹು ಬಿಟ್ಟು ಹೋಗುತ್ತದೆ ಎಂದರು. 1990ರ ದಶಕದಲ್ಲಿ ಚೋಮ್‌ಸ್ಕಿಯೇ ಇನ್ನೂ ಸರಳವಾದ ವಿವರಣೆ ಕೊಟ್ಟರು. ಅದರ ಪ್ರಕಾರ ಬೇರೆ ಕುರುಹು ಯಾವುದೂ ಇಲ್ಲ, ಪದವೇ ಎರಡೂ ಕಡೆ ಇದೆ, ನಾಲಿಗೆ ಒಂದು ಕಡೆ ಮಾತ್ರ ಉಚ್ಚರಿಸುತ್ತದೆ. ಈ ಮಾತನ್ನು ಸ್ವಲ್ಪ ನಿಂತು ಯೋಚಿಸಬೇಕು. ಹಾಗಾದರೆ ಸ್ಥಾನಪಲ್ಲಟವೆಂದು ನಾವು ಕರೆಯುತ್ತಿರುವುದು ಮೂಲದಲ್ಲಿ ಒಂದು ಬಗೆಯ ಲೋಪವೇ. ‘ತನ್ನ ತಮ್ಮನನ್ನು ನಿನ್ನೆ ರವಿ ಹೊಗಳಿದ’ ಎಂಬಲ್ಲಿ ‘ಹೊಗಳಿದ’ದ ಪಕ್ಕದಲ್ಲೂ ‘ತನ್ನ ತಮ್ಮನನ್ನು’ ಇದೆ. ನಾವು ಅದನ್ನು ಎರಡನೇ ಸಲ ಆಡುವುದಿಲ್ಲ, ಅಷ್ಟೆ.

ಇಂಗ್ಲಿಷ್‌ನಲ್ಲಿ ಈ ಪಲ್ಲಟ ಕಣ್ಣಿಗೆ ಹೊಡೆಯುವುದು ಪ್ರಶ್ನೆಗಳಲ್ಲಿ. ‘ವಾಟ್ ಡಿಡ್ ಯೂ ಬ್ರಿಂಗ್’ ಎನ್ನುವಾಗ ‘ಬ್ರಿಂಗ್’ ಎಂಬುದರ ಕರ್ಮ ವಾಕ್ಯದ ಮೊದಲಿಗೆ ಹಾರಿ ಕೂರುತ್ತದೆ. ಕನ್ನಡದಲ್ಲಿ ‘ನೀನು ಏನು ತಂದೆ?’ ಎಂದರೆ ಮುಗಿಯಿತು. ‘ಏನು’ ತನ್ನ ಜಾಗ ಬಿಡಲಿಲ್ಲ. ಹಾಗೆಂದು ನಮ್ಮ ಪ್ರಶ್ನಾರ್ಥಕ ಪದಗಳು ಎಲ್ಲಿ ಬೇಕಾದರೂ ಕೂರುವುದಿಲ್ಲ. ‘ಯಾರು ರವಿಗೆ ಈ ಪುಸ್ತಕ ಕೊಟ್ಟರು?’ ಎನ್ನುವುದಕ್ಕಿಂತ ‘ರವಿಗೆ ಈ ಪುಸ್ತಕ ಯಾರು ಕೊಟ್ಟರು?’ ಎನ್ನುವುದು ನಾಲಿಗೆಗೆ ಹಿತ. ಪ್ರಶ್ನೆಯ ಪದ ಕ್ರಿಯಾಪದದ ಒತ್ತಿಗೆ ಬರಲು ಹವಣಿಸುತ್ತದೆ. ಮಲಯಾಳದಲ್ಲಿ ಇದೇ ಒಲವನ್ನು ವಿವರವಾಗಿ ಪರಿಶೀಲಿಸಿದವರು ಹೈದರಾಬಾದಿನಲ್ಲಿ ಪಾಠ ಹೇಳುತ್ತಿದ್ದ ಕೆ.ಎ. ಜಯಶೀಲನ್. ಕ್ರಿಯಾಪದದ ಸಮೀಪದಲ್ಲೇ ಒತ್ತು ಕೊಟ್ಟ ಪದಕ್ಕೆಂದು ಮೀಸಲಾದ ಸ್ಥಾನವೊಂದಿದೆ ಎಂದು ಅವರು ವಾದಿಸಿದರು. ದ್ರಾವಿಡ ಭಾಷೆಗಳ ಬಗ್ಗೆ ಇಂಥ ಕೆಲಸ ನಮ್ಮ ನೆರೆಯಲ್ಲೇ ನಡೆದದ್ದು ಕನ್ನಡದ ಓದುಗರನ್ನು ಹೆಚ್ಚು ತಲುಪಿಲ್ಲ ಎಂಬುದು ನನಗೆ ಬೇಸರದ ವಿಷಯ.

ಪದಗಳು ಹೀಗೆ ಜಾಗ ಬದಲಿಸುವುದಕ್ಕೂ ಮಿತಿಯುಂಟು. ಆ ಮಿತಿಗಳನ್ನು ಮೊದಲು ಗಂಭೀರವಾಗಿ ಪಟ್ಟಿ ಮಾಡಿದವರು ಚೋಮ್‌ಸ್ಕಿಯ ವಿದ್ಯಾರ್ಥಿ ಜಾನ್ ರಾಬರ್ಟ್ ರಾಸ್. 1967ರಲ್ಲಿ ಎಂಐಟಿಗೆ ಸಲ್ಲಿಸಿದ ಪ್ರಬಂಧದಲ್ಲಿ ಅವರು ವಾಕ್ಯದ ಕೆಲವು ಭಾಗಗಳನ್ನು ದ್ವೀಪಗಳೆಂದು ಕರೆದರು. ಅಲ್ಲಿಂದ ಪದ ಹೊರಗೆ ದಾಟಲಾರದು. ಕನ್ನಡದಲ್ಲಿ ಇದನ್ನು ಹೀಗೆ ಪರೀಕ್ಷಿಸಬಹುದು. ‘ರವಿ ಆ ಪುಸ್ತಕವನ್ನು ಬರೆದ ಅಂತ ಗಿರಿಜಾ ಹೇಳಿದಳು’ ಎಂಬುದರಿಂದ ಪುಸ್ತಕವನ್ನು ಹೊರಗೆಳೆದು ‘ಆ ಪುಸ್ತಕವನ್ನು ಗಿರಿಜಾ, ರವಿಯೇ ಬರೆದ ಅಂತ ಹೇಳಿದಳು’ ಎನ್ನಬಹುದು. ‘ಗಿರಿಜಾ ಆ ಪುಸ್ತಕವನ್ನು ಬರೆದ ಲೇಖಕನನ್ನು ಕಂಡಳು’ ಎಂಬುದರಿಂದಲೂ ಹಾಗೆಯೇ ಎಳೆಯಲು ಹೋಗಿ: ‘ಆ ಪುಸ್ತಕವನ್ನು ಗಿರಿಜಾ ಬರೆದ ಲೇಖಕನನ್ನು ಕಂಡಳು.’ ವಾಕ್ಯ ಕುಸಿದು ಬೀಳುತ್ತದೆ. ವಿಭಕ್ತಿ ಪ್ರತ್ಯಯ ಸರಿಯಾಗಿಯೇ ಇದೆ, ಆದರೂ ಅರ್ಥ ಕೂಡುವುದಿಲ್ಲ. ವಿಭಕ್ತಿ ಇದ್ದ ಮೇಲೆ ಪದ ಎಲ್ಲಿದ್ದರೇನು ಎಂಬ ಪಠ್ಯಪುಸ್ತಕದ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು. ‘ಬರೆದ ಲೇಖಕ’ ಎಂಬ ಕೃದಂತದ ಗುಂಪು ಒಂದು ದ್ವೀಪ. ಒಳಗಿನ ಪುಸ್ತಕ ಒಳಗೇ ಇರಬೇಕು.

ಅದೇ ದ್ವೀಪದೊಳಗೆ ಪ್ರಶ್ನೆ ಕೇಳಿದರೆ? ‘ಯಾರು ಬರೆದ ಪುಸ್ತಕ ಓದುತ್ತಿದ್ದೀಯಾ?’ ದಿನಬೆಳಗಾದರೆ ಆಡುವ ಮಾತು. ಇಂಗ್ಲಿಷ್‌ನಲ್ಲಿ ಇದನ್ನು ಹೀಗೆಯೇ ಕೇಳಲು ಸಾಧ್ಯವೇ ಇಲ್ಲ. ‘ಯಾರು’ ಎಂಬುದು ದ್ವೀಪ ದಾಟಿ ವಾಕ್ಯದ ಮೊದಲಿಗೆ ಹೋಗಬೇಕಾಗುತ್ತದೆ, ಹೋಗಲು ಅಪ್ಪಣೆಯಿಲ್ಲ. ವಾಕ್ಯವನ್ನೇ ಮುರಿದು ಬೇರೆ ರೀತಿ ಕಟ್ಟಬೇಕು. ನಮ್ಮ ‘ಯಾರು’ ಕದಲುವುದಿಲ್ಲವಾದ್ದರಿಂದ ಅದಕ್ಕೆ ದಾಟುವ ಪ್ರಶ್ನೆಯಿಲ್ಲ. ಚೀನೀ ಭಾಷೆಯಲ್ಲೂ ಪ್ರಶ್ನೆಯ ಪದ ಇದ್ದಲ್ಲೇ ಇರುತ್ತದೆ. 1982ರಲ್ಲಿ ಜೇಮ್ಸ್ ಹ್ವಾಂಗ್ ತಮ್ಮ ಪ್ರಬಂಧದಲ್ಲಿ, ಇಂಥ ಭಾಷೆಗಳಲ್ಲೂ ಪ್ರಶ್ನೆಯ ಪದ ಮೇಲಕ್ಕೆ ಹೋಗುತ್ತದೆ, ಆದರೆ ಕಿವಿಗೆ ಕೇಳದಂತೆ ಅರ್ಥದ ಹಂತದಲ್ಲಿ ಹೋಗುತ್ತದೆ ಎಂಬ ವಾದ ಮುಂದಿಟ್ಟರು. ಇದನ್ನು ಎಲ್ಲರೂ ಒಪ್ಪಿಲ್ಲ. ಆದರೆ ಅಂದಿನಿಂದ ಪ್ರಶ್ನೆಯನ್ನು ಇಂಗ್ಲಿಷ್‌ನ ಕಣ್ಣಿನಿಂದ ಮಾತ್ರ ನೋಡುವ ಅಭ್ಯಾಸ ತಪ್ಪಿತು.

ಇನ್ನು ಲೋಪದ ಕಡೆ. ಇಲ್ಲಿಯೂ ಮೊದಲ ಹೆಜ್ಜೆ ರಾಸ್ ಅವರದೇ. 1969ರಲ್ಲಿ ಪ್ರಕಟವಾದ ಅವರ ಲೇಖನವೊಂದು, ಪ್ರಶ್ನೆಯ ಪದವೊಂದನ್ನು ಉಳಿಸಿ ಮಿಕ್ಕ ವಾಕ್ಯವನ್ನೆಲ್ಲ ನುಂಗಿಬಿಡುವ ರಚನೆಯನ್ನು ಕೈಗೆತ್ತಿಕೊಂಡಿತು. ಕನ್ನಡದಲ್ಲಿ ಅದು ನಮಗೆ ಚಿರಪರಿಚಿತ:

‘ರವಿ ಯಾರನ್ನೋ ಹೊಗಳುತ್ತಿದ್ದ, ಯಾರನ್ನು ಅಂತ ಗೊತ್ತಾಗಲಿಲ್ಲ.’

‘ರವಿ ಯಾರಿಗೋ ಹೆದರುತ್ತಿದ್ದ, ಯಾರಿಗೆ ಅಂತ ಗೊತ್ತಾಗಲಿಲ್ಲ.’

ಹೊಗಳುವುದು ಒಬ್ಬರನ್ನು, ಹೆದರುವುದು ಒಬ್ಬರಿಗೆ. ಮೊದಲ ವಾಕ್ಯದ ಉತ್ತರಾರ್ಧದಲ್ಲಿ ‘ಯಾರಿಗೆ’ ಎಂದರೆ ಆಗದು. ಎರಡನೆಯದರಲ್ಲಿ ‘ಯಾರನ್ನು’ ಎಂದರೆ ಆಗದು. ‘ಗೊತ್ತಾಗಲಿಲ್ಲ’ ಎಂಬ ಕ್ರಿಯಾಪದ ಎರಡರಲ್ಲೂ ಒಂದೇ, ಆದ್ದರಿಂದ ಈ ಆಯ್ಕೆ ಅದರದಲ್ಲ. ಆಯ್ಕೆ ಮಾಡುತ್ತಿರುವುದು ಆಡದೆ ಬಿಟ್ಟ ‘ಹೊಗಳುತ್ತಿದ್ದ’, ಆಡದೆ ಬಿಟ್ಟ ‘ಹೆದರುತ್ತಿದ್ದ’. ರಾಸ್ ಇದೇ ವಾದವನ್ನು ಜರ್ಮನ್ ಭಾಷೆಯ ವಿಭಕ್ತಿಗಳ ಮೂಲಕ ಮಾಡಿದರು, ಏಕೆಂದರೆ ಇಂಗ್ಲಿಷ್‌ನಲ್ಲಿ ವಿಭಕ್ತಿ ಬಹುಮಟ್ಟಿಗೆ ಸವೆದುಹೋಗಿದೆ. ಕನ್ನಡದವರು ದೂರ ಹೋಗಬೇಕಾಗಿಲ್ಲ.

‘ಯಾರು ಅಂತ ಗೊತ್ತಾಗಲಿಲ್ಲ’ ಎಂದೂ ಹೇಳಬಹುದಲ್ಲ ಎಂದು ಓದುಗರು ಕೇಳಬಹುದು. ಹೇಳಬಹುದು. ಅದು ಬೇರೆ ವಾಕ್ಯ. ಅಲ್ಲಿ ಒಳಗಿರುವುದು ‘ಆ ಮನುಷ್ಯ ಯಾರು’ ಎಂಬ, ಕ್ರಿಯಾಪದ ಬೇಡದ ನಮ್ಮ ನಾಮವಾಕ್ಯ. ಪ್ರಥಮಾ ವಿಭಕ್ತಿ ಬಂದಾಗ ಯಾವ ವಾಕ್ಯ ಅಡಗಿದೆ ಎಂದು ಖಚಿತವಾಗಿ ಹೇಳುವುದು ಕಷ್ಟ. ಆದರೆ ದ್ವಿತೀಯೆ, ಚತುರ್ಥಿ ಬಂದಾಗ ಸಂಶಯಕ್ಕೆ ಎಡೆಯಿಲ್ಲ.

ಇನ್ನೊಂದು ಪರೀಕ್ಷೆಯನ್ನು ಜೇಸನ್ ಮರ್ಚೆಂಟ್ 2001ರ ತಮ್ಮ ಪುಸ್ತಕದಲ್ಲಿ ಅನೇಕ ಭಾಷೆಗಳ ಮೇಲೆ ನಡೆಸಿದರು. ಇಂಗ್ಲಿಷ್‌ನಲ್ಲಿ ‘ಜತೆ’ ಎಂಬರ್ಥದ ಪದವನ್ನು ಹಿಂದೆ ಬಿಟ್ಟು ‘ಯಾರು’ ಮಾತ್ರ ಮುಂದೆ ಹೋಗಬಹುದು. ಜರ್ಮನ್, ಗ್ರೀಕ್ ಭಾಷೆಗಳಲ್ಲಿ ಹೋಗಲಾಗದು. ವಾಕ್ಯ ಲೋಪವಾದಾಗಲೂ ಆಯಾ ಭಾಷೆ ಅದೇ ಕಟ್ಟಳೆಯನ್ನು ಪಾಲಿಸುತ್ತದೆ ಎಂಬುದು ಅವರು ಕಂಡುಕೊಂಡದ್ದು. ಕನ್ನಡದಲ್ಲಿ ನೋಡಿ. ‘ಯಾರ ನೀನು ಜತೆ ಹೋದೆ?’ ಎಂದು ಯಾರೂ ಕೇಳುವುದಿಲ್ಲ. ‘ಅವಳು ಯಾರ ಜತೆಗೋ ಹೋದಳು’ ಎಂದ ಮೇಲೆ ‘ಯಾರ ಜತೆ ಅಂತ ಗೊತ್ತಿಲ್ಲ’ ಎನ್ನುತ್ತೇವೆಯೇ ಹೊರತು ‘ಯಾರ ಅಂತ ಗೊತ್ತಿಲ್ಲ’ ಎನ್ನುವುದಿಲ್ಲ. ಕೇಳಿಸದ ವಾಕ್ಯ ಕೇಳಿಸುವ ವಾಕ್ಯದ ಕಾನೂನನ್ನೇ ಪಾಲಿಸುತ್ತಿದೆ.

ಈ ವಿಭಕ್ತಿಯ ವಾದವನ್ನು ಆಧುನಿಕ ಭಾಷಾವಿಜ್ಞಾನದ ಮಹತ್ವದ ಶೋಧವೆಂದು ಪಾಠ ಹೇಳುತ್ತಾರೆ. ಅದು ಮಹತ್ವದ್ದೇ. ಆದರೆ ನಮ್ಮ ಶಾಸ್ತ್ರಗ್ರಂಥಗಳಲ್ಲಿ ಅದು ಶತಮಾನಗಳ ಹಿಂದೆಯೇ ಇತ್ತು, ಅದೂ ಹೆಚ್ಚುಕಡಿಮೆ ಇದೇ ರೂಪದಲ್ಲಿ. ಮೀಮಾಂಸಕರು, ನೈಯಾಯಿಕರು ಅಧ್ಯಾಹಾರ ಎಂದು ಕರೆದದ್ದು ಈ ಸಮಸ್ಯೆಯನ್ನೇ. ಒಬ್ಬ ‘ದ್ವಾರಂ’ ಎನ್ನುತ್ತಾನೆ, ಇನ್ನೊಬ್ಬ ಎದ್ದು ಬಾಗಿಲು ಮುಚ್ಚುತ್ತಾನೆ. ‘ಮುಚ್ಚು’ ಎಂಬುದು ಎಲ್ಲಿಂದ ಬಂತು? ಕುಮಾರಿಲ ಭಟ್ಟನ ಪರಂಪರೆಯವರು ಹೇಳಿದರು: ಕೇಳಿದವನು ಆ ಶಬ್ದವನ್ನೇ ಮನಸ್ಸಿನಲ್ಲಿ ತಂದುಕೊಳ್ಳುತ್ತಾನೆ, ಶಬ್ದದ ಮೂಲಕ ಅರ್ಥ ಬರುತ್ತದೆ. ಪ್ರಭಾಕರನ ಪರಂಪರೆಯವರು ಹೇಳಿದರು: ಶಬ್ದದ ಹಂಗೇಕೆ, ಮುಚ್ಚುವಿಕೆ ಎಂಬ ಅರ್ಥವನ್ನೇ ನೇರವಾಗಿ ತಂದುಕೊಂಡರೆ ಸಾಲದೇ? ಒಂದು ಶಬ್ದಾಧ್ಯಾಹಾರ, ಇನ್ನೊಂದು ಅರ್ಥಾಧ್ಯಾಹಾರ.

17ನೇ ಶತಮಾನದ ವಿಶ್ವನಾಥ ಪಂಚಾನನನ ‘ನ್ಯಾಯಸಿದ್ಧಾಂತಮುಕ್ತಾವಲಿ’ ಇಂದಿಗೂ ನ್ಯಾಯಶಾಸ್ತ್ರ ಕಲಿಯುವವರು ಆರಂಭದಲ್ಲೇ ಓದುವ ಗ್ರಂಥ. ಅದರಲ್ಲಿ ಶಬ್ದಾಧ್ಯಾಹಾರದ ಪರವಾಗಿ ಒಂದು ವಾದವಿದೆ. ಯಾರೋ ‘ಪುಷ್ಪೇಭ್ಯಃ’ ಎಂದಷ್ಟೇ ಹೇಳಿದರು ಎನ್ನಿ, ‘ಹೂವುಗಳಿಗೆ’ ಎಂದು ಚತುರ್ಥಿಯಲ್ಲಿ. ಅರ್ಥ: ಹೂ ಬೇಕೆಂದು ಆಸೆಪಡುತ್ತಾನೆ. ಸಂಸ್ಕೃತದಲ್ಲಿ ಆಸೆಪಡು ಎಂಬರ್ಥದ ಧಾತುಗಳು ಹಲವಿವೆ, ‘ಇಚ್ಛತಿ’ ಎಂದರೆ ಕರ್ಮಕ್ಕೆ ದ್ವಿತೀಯೆ. ಆದರೆ ಪಾಣಿನಿಯ ವಿಧಿಯಂತೆ ‘ಸ್ಪೃಹಯತಿ’ ಎಂದರೆ ಬಯಸಿದ ವಸ್ತುವಿಗೆ ಚತುರ್ಥಿ. ಬರೀ ಅರ್ಥವನ್ನು ತಂದುಕೊಂಡರೆ ಸಾಲುವುದಾದರೆ ಇಲ್ಲಿ ಚತುರ್ಥಿಯೇ ಏಕೆ ಬರಬೇಕು? ಅರ್ಥಕ್ಕೆ ವಿಭಕ್ತಿ ಇಲ್ಲ, ವಿಭಕ್ತಿ ಇರುವುದು ಶಬ್ದದ ಸಹವಾಸದಿಂದ. ಆದ್ದರಿಂದ ‘ಸ್ಪೃಹಯತಿ’ ಎಂಬ ಪದವನ್ನೇ ಅಧ್ಯಾಹಾರ ಮಾಡಬೇಕು. ನಮ್ಮ ಹೊಗಳು, ಹೆದರುಗಳ ವಾದ ಇದೇ. ರಾಸ್ ಅವರ ಜರ್ಮನ್ ವಾದವೂ ಇದೇ. ಮೊದಲ ಸಲ ಈ ಸಾಲುಗಳ ಅರ್ಥ ತಿಳಿದಾಗ ಆದ ರೋಮಾಂಚನ ನನ್ನಲ್ಲಿ ಇಂದಿಗೂ ಆರಿಲ್ಲ. ಹಿಂದಿನವರಿಗೆ ಎಲ್ಲ ಗೊತ್ತಿತ್ತು ಎಂಬ ಹೆಮ್ಮೆ ನನ್ನದಲ್ಲ. ಒಂದೇ ಸಮಸ್ಯೆಯನ್ನು ಸರಿಯಾಗಿ ನೋಡಿದ ಇಬ್ಬರು, ಪರಸ್ಪರ ಪರಿಚಯವಿಲ್ಲದೆ, ಒಂದೇ ಸಾಕ್ಷಿಯ ಬಳಿಗೆ ಬಂದರು ಎಂಬುದು ಸಮಸ್ಯೆ ನಿಜವಾದದ್ದು ಎನ್ನುವುದಕ್ಕೆ ಆಧಾರ.

ಪಾಣಿನಿಯ ಹೆಸರು ಬಂದಿದ್ದರಿಂದ ಇನ್ನೊಂದು ಮಾತು. ಲೋಪಸಂಧಿ ಓದಿದ ಕನ್ನಡದ ಪ್ರತಿ ವಿದ್ಯಾರ್ಥಿಗೂ ಲೋಪ ಎಂಬ ಪದ ಗೊತ್ತು. ಪಾಣಿನಿ ಲೋಪವನ್ನು ವಿವರಿಸುವುದು ನಾಶವೆಂದಲ್ಲ, ಕಾಣಿಸದೆ ಇರುವುದು ಎಂದು. ಪ್ರತ್ಯಯ ಲೋಪವಾದ ಮೇಲೂ ಅದರಿಂದ ಆಗಬೇಕಾದ ಕಾರ್ಯಗಳು ಆಗುತ್ತವೆ ಎಂದು ಅವನು ಬೇರೊಂದು ಸೂತ್ರದಲ್ಲಿ ವಿಧಿಸುತ್ತಾನೆ. ಕಾಣದಿದ್ದರೂ ಕೆಲಸ ಮಾಡುತ್ತದೆ ಎಂಬ ಈ ತತ್ವವನ್ನು ಪದದಿಂದ ವಾಕ್ಯಕ್ಕೆ ಹಿಗ್ಗಿಸಿದರೆ ಇಂದಿನ ಸಿದ್ಧಾಂತದ ಹೊಸ್ತಿಲಿಗೆ ಬಂದಂತೆ.

ಎಲ್ಲ ಮೌನವೂ ಒಂದೇ ಬಗೆಯದಲ್ಲ ಎಂಬುದನ್ನೂ ಗಮನಿಸಬೇಕು. ‘ರವಿ ಬಂದ. ಕೂತ.’ ಎಂಬಲ್ಲಿ ‘ಕೂತ’ಕ್ಕೆ ಕರ್ತೃ ಕಾಣದಿದ್ದರೂ ಅಲ್ಲಿ ‘ಅವನು’ ಎಂಬ ಸರ್ವನಾಮ ಅಡಗಿದೆ ಎಂದರೆ ಸಾಕು. ಆದರೆ ಇದನ್ನು ನೋಡಿ: ‘ರವಿ ತನ್ನ ಅಮ್ಮನಿಗೆ ಫೋನ್ ಮಾಡಿದ. ಗಿರಿಜಾನೂ ಮಾಡಿದಳು.’ ಗಿರಿಜಾ ಫೋನ್ ಮಾಡಿದ್ದು ಯಾರಿಗೆ? ತನ್ನ ಅಮ್ಮನಿಗೆ ಎಂದೇ ಮೊದಲು ಹೊಳೆಯುತ್ತದೆ. ಈಗ ಸರ್ವನಾಮವನ್ನು ಬಾಯಿಬಿಟ್ಟು ಹೇಳಿ: ‘ಗಿರಿಜಾನೂ ಅವರಿಗೆ ಮಾಡಿದಳು.’ ಆ ಅರ್ಥ ಮಾಯವಾಯಿತು, ರವಿಯ ಅಮ್ಮನೊಬ್ಬರೇ ಉಳಿದರು. ಹಾಗಾದರೆ ಮೊದಲಿನ ಮೌನದಲ್ಲಿ ಇದ್ದದ್ದು ಸರ್ವನಾಮವಲ್ಲ. ‘ತನ್ನ ಅಮ್ಮನಿಗೆ’ ಎಂಬ ಪೂರ್ತಿ ಪದಗುಚ್ಛವೇ ಅಲ್ಲಿತ್ತು, ಹೊಸ ಕರ್ತೃ ಸಿಕ್ಕಿದ ಕೂಡಲೆ ಒಳಗಿನ ‘ತನ್ನ’ ಗಿರಿಜಾಳ ಕಡೆ ತಿರುಗಿತು. ಜಪಾನೀ ಭಾಷೆಯಲ್ಲಿ ಇಂಥ ವಾಕ್ಯಗಳನ್ನು ಕುರಿತು 1991ರಲ್ಲಿ ಓಟಾನಿ ಮತ್ತು ವಿಟ್‌ಮನ್ ಬರೆದ ಲೇಖನದ ನಂತರ ದೊಡ್ಡ ಚರ್ಚೆಯೇ ನಡೆದಿದೆ. ಕ್ರಿಯಾಪದ ಹೊರಗೆ ಜಿಗಿದು ಉಳಿದದ್ದು ಲೋಪವಾಯಿತೋ, ಕರ್ಮ ಮಾತ್ರ ಲೋಪವಾಯಿತೋ ಎಂಬುದು ಅದರ ತಿರುಳು. ಮೊದಲ ಉತ್ತರದಲ್ಲಿ ಪಲ್ಲಟವೂ ಲೋಪವೂ ಒಟ್ಟಿಗೆ ಕೆಲಸ ಮಾಡುತ್ತವೆ.

ಅವೆರಡೂ ಒಟ್ಟಿಗೆ ಕೆಲಸ ಮಾಡುವ ಅತ್ಯಂತ ಅಚ್ಚರಿಯ ಜಾಗವನ್ನೂ ರಾಸ್ ಅವರೇ ತೋರಿಸಿದ್ದಾರೆ. ‘ದಕ್ಷಿಣದ ಯಾವುದೋ ಭಾಷೆ ಬಲ್ಲ ಒಬ್ಬರನ್ನು ಕೆಲಸಕ್ಕೆ ತೆಗೆದುಕೊಂಡರಂತೆ, ಯಾವ ಭಾಷೆ ಅಂತ ಗೊತ್ತಿಲ್ಲ’ ಎಂಬುದನ್ನು ಇಂಗ್ಲಿಷ್‌ನಲ್ಲಿ ಹೇಳಿದರೆ ವಾಕ್ಯ ಸರಾಗ. ಆದರೆ ಲೋಪ ಮಾಡದೆ ಉತ್ತರಾರ್ಧವನ್ನು ಪೂರ್ತಿ ಆಡಿದರೆ ಅಸಂಬದ್ಧ, ಏಕೆಂದರೆ ‘ಯಾವ ಭಾಷೆ’ ದ್ವೀಪ ದಾಟಿ ಬಂದುಬಿಟ್ಟಿದೆ. ಆಡಿದರೆ ತಪ್ಪಾಗುವ ವಾಕ್ಯ ಆಡದಿದ್ದರೆ ಸರಿಹೋಗುತ್ತದೆ! ಮರ್ಚೆಂಟ್ ಮುಂತಾದವರು ಇದರಿಂದ ಒಂದು ತೀರ್ಮಾನಕ್ಕೆ ಬಂದರು: ಕೆಲವು ದ್ವೀಪಗಳ ಕಟ್ಟಳೆ ಅರ್ಥಕ್ಕೆ ಸೇರಿದ್ದಲ್ಲ, ಉಚ್ಚಾರಣೆಗೆ ಸೇರಿದ್ದು, ಉಚ್ಚರಿಸದ ಮೇಲೆ ಉಲ್ಲಂಘನೆಯೂ ಇಲ್ಲ. ಕನ್ನಡದಲ್ಲಿ ‘ಯಾವ ಭಾಷೆ ಬಲ್ಲವರನ್ನು ತೆಗೆದುಕೊಂಡರು ಅಂತ ಗೊತ್ತಿಲ್ಲ’ ಎಂದು ಪೂರ್ತಿ ಆಡಿದರೂ ಏನೂ ಕೆಡುವುದಿಲ್ಲ. ಕಾರಣ ಆಗಲೇ ನೋಡಿದೆವು, ನಮ್ಮ ಪ್ರಶ್ನೆಯ ಪದ ಒಳಗೇ ಕೂತಿರುತ್ತದೆ.

ಪ್ರಭಾಕರನ ಪಕ್ಷಕ್ಕೂ ಇಂದು ವಾರಸುದಾರರಿದ್ದಾರೆ. ಪೀಟರ್ ಕ್ಯುಲಿಕೋವರ್ ಮತ್ತು ರೇ ಜ್ಯಾಕೆಂಡಾಫ್ 2005ರ ತಮ್ಮ ಪುಸ್ತಕದಲ್ಲಿ, ಕಾಣದ ರಚನೆಯನ್ನು ತುಂಬುವುದು ಅನಗತ್ಯ, ಅರ್ಥವೇ ಸಂದರ್ಭದಿಂದ ನೇರವಾಗಿ ಸಿಗುತ್ತದೆ ಎಂದು ವಾದಿಸಿದರು. ಇನ್ನೂ ಕುತೂಹಲದ್ದು ಇವಾನ್ ಸಾಗ್ ಅವರ ಕಥೆ. 1976ರಲ್ಲಿ ಎಂಐಟಿಯಲ್ಲಿ ಲೋಪವನ್ನೇ ವಿಷಯವಾಗಿಟ್ಟುಕೊಂಡು, ಇದ್ದದ್ದನ್ನು ಅಳಿಸುವುದೇ ಲೋಪ ಎಂಬ ಪಕ್ಷದಿಂದ ಪ್ರಬಂಧ ಬರೆದವರು ಅವರು. 2000ದಲ್ಲಿ ಜೊನಾಥನ್ ಗಿಂಜ್‌ಬರ್ಗ್ ಜತೆ ಬರೆದ ಪುಸ್ತಕದಲ್ಲಿ ಎದುರು ಪಕ್ಷದಲ್ಲಿ ನಿಂತಿದ್ದರು. ಸಾಕ್ಷ್ಯ ನೋಡಿ ಮನಸ್ಸು ಬದಲಿಸಿದ ವಿದ್ವಾಂಸರ ಬಗ್ಗೆ ನನಗೆ ವಿಶೇಷ ಗೌರವ. ವಿಭಕ್ತಿಯ ಸಾಕ್ಷ್ಯವನ್ನು ಈ ಪಕ್ಷದವರೂ ತಳ್ಳಿಹಾಕಲಿಲ್ಲ. ಹಿಂದಿನ ಮಾತಿನ ಪದದೊಂದಿಗೆ ವಿಭಕ್ತಿ ಹೊಂದಬೇಕು ಎಂಬ ಪ್ರತ್ಯೇಕ ನಿಯಮ ಸಾಕು ಎಂದರು.

ಅವರ ಪಕ್ಷಕ್ಕೆ ಬಲ ಕೊಡುವುದು ಆ ಕಾಫಿ ಲೋಟವೇ. ‘ಯಾರಿಗೆ?’ ಎಂದು ಕೇಳುವ ಮೊದಲು ಅಲ್ಲಿ ಯಾರೂ ಏನೂ ಆಡಿರಲಿಲ್ಲ. ಹಿಂದಿನ ವಾಕ್ಯವೇ ಇಲ್ಲದಿರುವಾಗ ಯಾವುದನ್ನು ನೋಡಿ ಅಳಿಸುವುದು? ಹ್ಯಾಂಕಮರ್ ಮತ್ತು ಸಾಗ್ 1976ರಲ್ಲೇ ಈ ಗೆರೆ ಎಳೆದಿದ್ದರು: ಕೆಲವು ಲೋಪಗಳಿಗೆ ಹಿಂದೆ ಆಡಿದ ಮಾತು ಇರಲೇಬೇಕು, ಇನ್ನು ಕೆಲವಕ್ಕೆ ಎದುರಿನ ಸನ್ನಿವೇಶವೇ ಸಾಕು. ಮೀಮಾಂಸಕರು ಹಿಂದಿನ ವಾಕ್ಯದ ಪದವನ್ನೇ ಮುಂದಿನದಕ್ಕೆ ಎಳೆದುಕೊಳ್ಳುವುದನ್ನು ಅನುಷಂಗ ಎಂದೂ, ಎಲ್ಲೂ ಕೇಳದ್ದನ್ನು ತಂದುಕೊಳ್ಳುವುದನ್ನು ಅಧ್ಯಾಹಾರ ಎಂದೂ ಬೇರ್ಪಡಿಸಿದ್ದರು. ಆದರೆ ಲೋಟದ ಸನ್ನಿವೇಶದಲ್ಲೂ ಕೇಳಿದ್ದು ‘ಯಾರಿಗೆ’ ಎಂದೇ. ಹಿಂದೆ ಮಾತೇ ಇಲ್ಲದಿದ್ದ ಮೇಲೆ ಹಿಂದಿನ ಪದದೊಂದಿಗೆ ವಿಭಕ್ತಿ ಹೊಂದಿಸುವ ನಿಯಮವೂ ಇಲ್ಲಿ ನಿಲ್ಲದು. ನನ್ನ ಮಟ್ಟಿಗೆ ತಕ್ಕಡಿ ಮುಕ್ತಾವಲಿಕಾರನ ಕಡೆಗೇ ವಾಲುತ್ತದೆ.

ಹಾಗಂತ ಕಾಣದ್ದೆಲ್ಲ ಲೋಪವೆಂದು ಹೊರಡುವುದೂ ತಪ್ಪು. ‘ರವಿ ಕಾಫಿ, ಗಿರಿಜಾ ಟೀ ಕುಡಿದರು’ ಎಂಬ ವಾಕ್ಯ ತೆಗೆದುಕೊಳ್ಳಿ. ಮೊದಲ ಭಾಗದ ಕ್ರಿಯಾಪದ ಲೋಪವಾಗಿದೆ ಎಂದು ಯಾರಾದರೂ ಥಟ್ಟನೆ ಹೇಳುತ್ತಾರೆ. 1970ರಲ್ಲಿ ರಾಸ್ ಇಂಥ ಲೋಪದ ದಿಕ್ಕಿನ ಬಗ್ಗೆ ಪ್ರಸಿದ್ಧವಾದ ಮಾತೊಂದನ್ನು ಹೇಳಿದ್ದರು: ಇಂಗ್ಲಿಷ್‌ನಂಥ ಭಾಷೆಯಲ್ಲಿ ಮೊದಲ ಕ್ರಿಯಾಪದ ಉಳಿದು ಮುಂದಿನದು ಹೋಗುತ್ತದೆ, ಕ್ರಿಯಾಪದ ಕೊನೆಗೆ ಬರುವ ಜಪಾನಿಯಂಥ ಭಾಷೆಯಲ್ಲಿ ಕೊನೆಯದು ಉಳಿದು ಹಿಂದಿನದು ಹೋಗುತ್ತದೆ. ಕನ್ನಡವೂ ಆ ಸಾಲಿಗೆ ಸೇರಿದಂತೆ ಕಾಣುತ್ತದೆ. ಆದರೆ ಅಳಿಸಿದ್ದು ‘ಕುಡಿದ’ ಎಂದಾದರೆ ಉಳಿಯಬೇಕಾದದ್ದು ‘ಕುಡಿದಳು’. ನಾವು ಆಡುವುದು ‘ಕುಡಿದರು’. ಈ ಬಹುವಚನ ಬಂದದ್ದು ಎಲ್ಲಿಂದ? ಇನ್ನೂ ತೀಕ್ಷ್ಣವಾದ ಉದಾಹರಣೆ ಹೋಟೆಲಿನ ಟೇಬಲ್ಲಿನಲ್ಲಿ ಸಿಗುತ್ತದೆ: ‘ನಾನು ಕಾಫಿ, ನೀನು ಟೀ ತಗೊಳ್ಳೋಣ.’ ಇದನ್ನು ಬಿಡಿಸಿ ಎರಡು ವಾಕ್ಯ ಮಾಡಲು ನೋಡಿ. ‘ನಾನು ಕಾಫಿ ತಗೊಳ್ಳೋಣ’ ಎನ್ನುವಂತಿಲ್ಲ. ‘ನೀನು ಟೀ ತಗೊಳ್ಳೋಣ’ ಎನ್ನುವಂತೆಯೂ ಇಲ್ಲ. ಅಳಿಸಲು ಬೇಕಾದ ಪೂರ್ಣ ವಾಕ್ಯವೇ ಇಲ್ಲಿ ಇರಲಿಲ್ಲ. ಹಾಗಾಗಿ ಇದು ಲೋಪವಾಗಿರಲಾರದು. ‘ನಾನು ಕಾಫಿ’, ‘ನೀನು ಟೀ’ ಎಂಬ ಎರಡು ಜೋಡಿಗಳು ಕ್ರಿಯಾಪದಕ್ಕಿಂತ ಕೆಳಗಿನ ಹಂತದಲ್ಲೇ ಕೂಡಿಕೊಂಡು, ಎರಡೂ ಕಡೆಯಿಂದ ಮೇಲೆದ್ದ ಒಂದೇ ಕ್ರಿಯಾಪದ ಇಬ್ಬರನ್ನೂ ಸೇರಿಸಿ ‘ನಾವು’ ಎಂಬ ರೂಪ ತಾಳಿದೆ ಎನ್ನುವುದು ಹೆಚ್ಚು ಹೊಂದುವ ವಿವರಣೆ. ಲೋಪವೆಂದು ತೋರಿದ್ದು ಸ್ಥಾನಪಲ್ಲಟವಾಗಿತ್ತು, ಅದನ್ನು ಬಯಲು ಮಾಡಿದ್ದು ಕ್ರಿಯಾಪದದ ತುದಿಯ ಒಂದು ಪ್ರತ್ಯಯ.